ಒಳಗೆ ಕೂರದ ದಿನ

ಅಮ್ಮನ ಅಂತಿಮ ದರ್ಶನಕ್ಕೆ ಬಂದವರಿಗೆ ಬಾಡಿಗೆ ಕುರ್ಚಿಗಳು ಸಾಲಲಿಲ್ಲ. ಮಗಳು ಊಟದ ಮೇಜಿನ ಕುರ್ಚಿಗಳನ್ನೂ ಅಂಗಳಕ್ಕೆ ಎಳೆದು ತರುತ್ತಿದ್ದಾಗ ಸೋದರಮಾವ ಅಡ್ಡ ಬಂದು ಒಂದನ್ನು ತಾನೇ ಎತ್ತಿಕೊಂಡ.

"ಯಾರಮ್ಮ ಇವರೆಲ್ಲ? ನಮ್ಮ ಕಡೆಯವರಂತೂ ಅಲ್ಲ."

"ಅಮ್ಮನ ಕಂಪನಿಯವರಿರಬೇಕು ಮಾವ. ನಂಗೂ ಗುರುತಿಲ್ಲ."

ಅಮ್ಮ ಕಂಪ್ಯೂಟರ್ ತಯಾರಿಸುವ ದೊಡ್ಡ ಕಂಪನಿಯೊಂದರಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುವ ವಿಭಾಗ ನೋಡಿಕೊಳ್ಳುತ್ತಿದ್ದಳು. ಹೊಸಬರ ಇಂಟರ್‌ವ್ಯೂ ಮಾಡುವುದೂ ಅವಳ ಪಾಲಿಗೇ ಬಿದ್ದಿತ್ತು. ಮನೆಯಲ್ಲಿ ಕೆಲಸದ ಮಾತು ಎತ್ತುತ್ತಿರಲಿಲ್ಲ. ಮಗಳೂ ಅದೇ ಕಂಪನಿಗೆ ಹೋಗಿ, ಇಂಟರ್‌ವ್ಯೂನಲ್ಲಿ ಸೋತು ಬಂದ ಮೇಲೆ ಕೇಳುವುದನ್ನೇ ಬಿಟ್ಟಿದ್ದಳು.

ತಲೆ ನರೆತ ಒಬ್ಬ ಹತ್ತಿರ ಬಂದು ನಿಂತ.

"ಮೇಡಂ ನನ್ನನ್ನ ಫೇಲ್ ಮಾಡಿದ್ರು," ಎಂದ.

ಮಾವ ಹುಬ್ಬು ಗಂಟಿಕ್ಕಿದ. "ಅದನ್ನ ಹೇಳೋಕೆ ಇವತ್ತೇ ಆಗಬೇಕಿತ್ತೇನ್ರೀ?"

"ಪೂರ್ತಿ ಕೇಳಿ ಸಾರ್."

*

ತನ್ನ ಅಪ್ಪನ ಕಾಯಿಲೆಗೆಂದು ಕೆಲಸ ಬಿಟ್ಟು ವರ್ಷಗಟ್ಟಲೆ ಮನೆಯಲ್ಲಿದ್ದವನು ಅವನು. ಇಂಟರ್‌ವ್ಯೂನ ಮೊದಲ ಪ್ರಶ್ನೆಗೇ ನಾಲಿಗೆ ಒಣಗಿತು. ಆಮೇಲಿನದಕ್ಕೆಲ್ಲ ಬಾಯಿಗೆ ಬಂದದ್ದು ಹೇಳಿದ. ಪ್ರಶ್ನೆ ಕೇಳುತ್ತಿದ್ದವಳು ನೀರಿನ ಲೋಟ ಅವನ ಮುಂದೆ ಸರಿಸಿದಳು.

"ಈ ಸಲ ಆಗಲ್ಲ. ಸುಮ್ಮನೆ ಆಸೆ ಹುಟ್ಟಿಸೋದಿಲ್ಲ. ಆದ್ರೆ, ಗೊತ್ತಿಲ್ಲ ಅನ್ನೋಕೆ ಯಾಕೆ ಅಷ್ಟು ಹೆದರ್ತೀರಿ?"

ಗೇಟಿನವರೆಗೂ ಅವಳೇ ಬಂದಳು. ಆಚೆ ಒಂದು ಕಲ್ಲುಬೆಂಚಿತ್ತು. "ಊಟದ ಹೊತ್ತಲ್ಲಿ ಇಲ್ಲಿರ್ತೀನಿ. ಕಲಿಯೋ ಮನಸ್ಸಿದ್ರೆ ಬನ್ನಿ."

ಆ ಚಳಿಗಾಲವಿಡೀ ಅವನು ಬಂದ. ಹಳೆಯ ರೇಡಿಯೊದ ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಪೆನ್ಸಿಲ್ಲು ಹಿಡಿದು ಅವಳು ಕಲಿಸಿದಳು. ಮತ್ತೆ ಅವನಿಗೆ ಇಂಟರ್‌ವ್ಯೂಗೆ ಕರೆ ಬಂದಾಗ ಮಾತ್ರ ಅವಳು ಒಳಗೆ ಕೂರಲು ಒಪ್ಪಲಿಲ್ಲ.

"ನಾನು ಕೂತ್ರೆ, ಕೆಲಸ ನಾನು ಕೊಟ್ಟ ಹಾಗಾಗುತ್ತೆ. ನೀವೇ ಗಳಿಸಿ."

ಅವನು ಹೊರಬಂದಾಗ ಅವಳು ಕಂಪನಿಯ ಮೆಟ್ಟಿಲ ಮೇಲೆ ಕೂತಿದ್ದಳು. ಊಟದ ಡಬ್ಬಿ ತೆರೆದೇ ಇರಲಿಲ್ಲ. ಅವನ ಮುಖ ನೋಡಿದವಳೇ ನಕ್ಕು, ಡಬ್ಬಿ ಬಿಚ್ಚಿ ಅವನತ್ತ ಚಾಚಿದಳು.

*

"ಇಲ್ಲಿರೋರಲ್ಲಿ ಎಷ್ಟೋ ಜನ ಆ ಬೆಂಚಿನ ಮೇಲೆ ಕೂತವರೇ," ಎಂದ ಅವನು.

ಮಗಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. "ನಾನು ಹೋದಾಗಲೂ ಅಮ್ಮ ಒಳಗೆ ಕೂರಲಿಲ್ಲ. ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಅಷ್ಟೂ ಬೇಡವಾದೆನಾ ಅನ್ಸಿತ್ತು."

"ಅವತ್ತು ನಾನಿದ್ದೆ. ಮೇಡಂ ಅದೇ ಮೆಟ್ಟಿಲ ಮೇಲಿದ್ರು. 'ಎದ್ದು ಒಳಗೆ ಹೋಗಿ ಹೇಳಿಬಿಡ್ತೀನೇನೋ ಅಂತ ಭಯ ಆಗ್ತಿದೆ, ಪಕ್ಕದಲ್ಲಿ ಕೂತ್ಕೋ' ಅಂದ್ರು. ಒಳಗೆ ನಿಮ್ಮ ಇಂಟರ್‌ವ್ಯೂ ಮುಗಿಯೋವರೆಗೂ ನನ್ನ ತೋಳು ಬಿಡಲಿಲ್ಲ."

ಬೆಳಗಿನಿಂದ ಬಾರದ ಅಳು ಮಗಳಿಗೆ ಈಗ ಬಂತು. ಅವಳು ಅದನ್ನು ತಡೆಯಲಿಲ್ಲ.

"ನೀವು ಬರದೇ ಇದ್ದಿದ್ರೆ ನಂಗಿದು ಗೊತ್ತೇ ಆಗ್ತಿರಲಿಲ್ಲ ಅಣ್ಣ," ಎಂದಳು.

ಅಮ್ಮನನ್ನು ವ್ಯಾನಿಗೆ ಏರಿಸಿದ್ದಾಯಿತು. ಚಾಲಕ ಎಂಜಿನ್ ಶುರು ಮಾಡುವ ಹೊತ್ತಿಗೆ ಬೀದಿಯ ತಿರುವಿನಿಂದ ಒಬ್ಬ ಹುಡುಗಿ ಓಡಿ ಬಂದಳು. ಪಾಳಿ ಮುಗಿಸಿ ನೇರ ಬಂದಿದ್ದಳು. ಅಮ್ಮನ ಕಂಪನಿಯ ನೀಲಿ ಕೋಟು ಮೈಮೇಲೇ ಇತ್ತು.

"ಮುಖ ನೋಡ್ಬಹುದಾ?" ಎಂದು ಏದುಸಿರಿನಲ್ಲೇ ಕೇಳಿದಳು.

"ಹೊತ್ತಾಯ್ತಮ್ಮ," ಎಂದ ಮಾವ.

"ಇರಲಿ ಮಾವ," ಎಂದು ವ್ಯಾನಿನೊಳಗಿದ್ದ ಮಗಳು ಕೈ ಚಾಚಿ ಅವಳನ್ನು ಮೇಲೆ ಹತ್ತಿಸಿಕೊಂಡು, ಅಮ್ಮನ ತಲೆಯ ಬಳಿ, ತನ್ನ ಪಕ್ಕದಲ್ಲಿ ಕೂರಿಸಿದಳು. ಯಾರೋ ಹೊರಗಿನಿಂದ ಬಾಗಿಲು ಹಾಕಿದರು. ನೀಲಿ ಕೋಟಿನ ತುದಿಯೊಂದು ಹೊರಗೇ ಉಳಿದು, ಬೀದಿಯುದ್ದಕ್ಕೂ ಗಾಳಿಗೆ ಹಾರುತ್ತ ಹೋಯಿತು.