ಹಾರೆ ಎಷ್ಟು ಇಳಿಯಿತು?

ಖಾಂಗಾಯ್ ಬೆಟ್ಟದ ಕಡೆಯ ಕುರಿಗಾಹಿಗಳಿಗೆಲ್ಲ ಬೀಡು ಬದಲಿಸುವ ತಾಪತ್ರಯ ಗೊತ್ತಿದ್ದದ್ದೇ. ಚಳಿಗಾಲದ ಬೀಡಿನಲ್ಲಿ ಹುಲ್ಲು ಮುಗಿಯುತ್ತ ಬಂದಿತ್ತು. ಯಾಂಜಿವ್ ಆಗ ತುಂಬು ಗರ್ಭಿಣಿ. ಒಲೆಗೆ ಬೆರಣಿ ಹಾಕಿ ಏಳುವಷ್ಟರಲ್ಲೇ ಸುಸ್ತಾಗುತ್ತಿತ್ತು. ಹೊಸ ಹುಲ್ಲೂ ಆಸ್ಪತ್ರೆಯೂ ಇದ್ದದ್ದು ಜೌಗಿನ ಆಚೆ. ಡೇರೆ ಬಿಚ್ಚಿ, ಲಾರಿಗೇರಿಸಿ, ಜೌಗು ದಾಟಬೇಕು. ಆದರೆ ಮಾವ ಗೊಂಚಿಗ್ ಜಗ್ಗುತ್ತಿರಲಿಲ್ಲ.

“ಲಾಮಾ ಎರಡು ಒಳ್ಳೇ ದಿನ ಹೇಳಿದ್ದಾರೆ. ಇವತ್ತೊಂದು, ಹುಣ್ಣಿಮೆಗೊಂದು. ನಮ್ಮಪ್ಪ ಹೊರಡ್ತಿದ್ದದ್ದು ಹುಣ್ಣಿಮೆಗೇ. ಅಲ್ಲೀವರೆಗೂ ನೆಲ ಕಲ್ಲಿದ್ದ ಹಾಗಿರುತ್ತೆ.”

“ಹೋದ ವರ್ಷ ಲಾರಿ ಹೂತಿದ್ದು ಆ ಕಲ್ಲಿನಲ್ಲೇ ಅಲ್ವಾ ಅಪ್ಪಾ?”

“ಅದು ನಿನ್ನ ಗಂಡನ ದಡ್ಡತನ.”

ಯಾಂಜಿವ್‌ಗೆ ಜಗಳಕ್ಕೂ ಕಸುವಿರಲಿಲ್ಲ. ಹೋದ ವರ್ಷ ಆ ಕೆಸರಲ್ಲಿ ಸಿಕ್ಕಿಕೊಂಡು ಎಳೆಯ ಕುರಿಮರಿಗಳು ಸತ್ತಿದ್ದವು. ಈ ಸಲ ಲಾರಿಯಲ್ಲಿ ಕೂರಬೇಕಾದವಳು ಅವಳೇ.

ಅಷ್ಟರಲ್ಲಿ ಊರಿನ ಹವಾಮಾನ ಕೇಂದ್ರದ ಹಿಶ್ಗೆ ಬೈಕಿನಲ್ಲಿ ಬಂದಳು. ಉಪ್ಪು ಹಾಕಿದ ಹಾಲಿನ ಚಹಾ ಕುಡಿಯುತ್ತ ವಿಷಯ ಕೇಳಿದಳು.

“ಗೊಂಚಿಗಣ್ಣ, ಕಾಯಬೇಡಿ. ನಾವು ನೆಲದೊಳಗೆ ಥರ್ಮಾಮೀಟರ್ ಇಟ್ಟು ನೋಡ್ತೀವಿ. ನಿಮ್ಮಪ್ಪನ ಕಾಲದ ಹಾಗಿಲ್ಲ ಈಗ. ನೆಲ ಹೆಪ್ಪುಗಟ್ಟೋದು ತಡ, ಕರಗೋದು ಬೇಗ.”

“ಭೂಮಿತಾಯಿ ಕಂಕುಳಲ್ಲೂ ಥರ್ಮಾಮೀಟರ್ ಇಟ್ರಾ? ಜ್ವರ ಎಷ್ಟಿದೆಯಂತೆ?”

“ನನ್ನ ಮಾತು ಬಿಡಿ. ಮಂಜುಗಡ್ಡೆ ಒಡೆಯೋ ಹಾರೆ ತಗೊಂಡು ಬನ್ನಿ.”

ಜೌಗು ಕೂಗಳತೆಯ ದೂರದಲ್ಲಿತ್ತು. ಯಾಂಜಿವ್ ಸೊಂಟಕ್ಕೆ ಕೈಕೊಟ್ಟು ನಿಧಾನವಾಗಿ ಹಿಂದೆ ನಡೆದಳು. ಗೊಂಚಿಗ್ ಹಾರೆ ಹಾಕಿದ. ನೆಲ ಗಟ್ಟಿಯಾಗಿತ್ತು. ಗೆದ್ದವನಂತೆ ಹಿಶ್ಗೆಯ ಮುಖ ನೋಡಿದ. ಇನ್ನೊಂದು ಏಟಿಗೆ ಹಾರೆ ಒಂದು ಗೇಣು ಕೆಸರಿಗಿಳಿದು, ಆಮೇಲೆ ಠಣ್ಣೆಂದು ನಿಂತಿತು.

“ಮೇಲಿನದು ರಾತ್ರಿ ಚಳಿಗೆ ಕಟ್ಟಿದ ಸಿಪ್ಪೆ. ಅದನ್ನ ನಂಬಿದ್ರೆ ಕೆಟ್ವಿ. ಅಡೀಲಿ ಇನ್ನೂ ಗಟ್ಟಿ ಇದೆ, ನಾಳೆ ಬೆಳಗಿನ ಜಾವ ಲಾರಿಯ ಭಾರ ತಡೆಯುತ್ತೆ. ಹುಣ್ಣಿಮೆ ಹೊತ್ತಿಗೆ ಅದೂ ಇರಲ್ಲ” ಎಂದಳು ಹಿಶ್ಗೆ.

ಗೊಂಚಿಗ್ ಹಾರೆ ಎಳೆದುಕೊಂಡ. “ಡೇರೆ ಬಿಚ್ಚೋಕೇ ಸಂಜೆಯಾಗುತ್ತೆ. ನಾಳೆ ದಿನ ಚೆನ್ನಾಗಿಲ್ಲ” ಎಂದ. ದನಿ ಇಳಿದಿತ್ತು.

“ಇವತ್ತೇ ಕುದುರೆ ಜೀನು ಹೊರಗಿಟ್ಟು ಬನ್ನಿ ಅಪ್ಪಾ. ಹೊರಟಿದ್ದು ಇವತ್ತೇ ಅಂತಾಗುತ್ತೆ. ಹಿಂದೆ ನೀವೇ ಹಾಗೆ ಮಾಡಿದ್ರಿ. ನನಗಂತೂ ಸಾಕಾಗಿದೆ.”

ಮುದುಕ ಸೊಸೆಯ ಬಾಡಿದ ಮುಖ ನೋಡಿದ. ಆಮೇಲೆ ಜೀನು ಹೊತ್ತು ತಂದು, ಆಚೆ ದಡದ ಕಡೆ ಮುಖ ಮಾಡಿ ಇಟ್ಟ.

ಮರುದಿನ ಬೆಳಗಿನ ಜಾವ ಲಾರಿ ಹೊಯ್ದಾಡುತ್ತ ಜೌಗು ದಾಟಿತು. ಯಾಂಜಿವ್ ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಬಿಗಿಹಿಡಿದು ಕೂತಿದ್ದಳು.

ಹುಣ್ಣಿಮೆಯ ದಿನ ಅವಳು ಆಸ್ಪತ್ರೆಯಲ್ಲಿ ಹೆಣ್ಣುಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡಿದ್ದಳು. ಗೊಂಚಿಗ್ ಬಾಗಿಲಲ್ಲೇ ನಿಂತ. ನಿಲುವಂಗಿಯ ತೋಳು ಭುಜದವರೆಗೂ ಕೆಸರಾಗಿತ್ತು.

“ಜೌಗಿಗೆ ಹೋಗಿದ್ದೆ ಮಗಳೇ. ಹಾರೆ ಪೂರ್ತಿ ಇಳಿದುಹೋಯ್ತು. ಕೈ ಹಾಕಿ ಹುಡುಕಿದೆ. ಸಿಗಲಿಲ್ಲ.”

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಮ್ಮ ಹಿರಿಯರು ನಂಬಿದ್ದ ನೆಲ ಈಗ ಮೊದಲಿನಂತಿಲ್ಲ. ಒಳ್ಳೆಯ ದಿನ ಕೇಳಿ, ಬೇಡವೆನ್ನುವುದಿಲ್ಲ. ನೆಲವನ್ನೂ ಕೇಳಿ. ದಾಟುವ ಮುನ್ನ ನಾಲ್ಕು ಕಡೆ ಹಾರೆ ಹಾಕಿ ನೋಡಿ, ಹವಾಮಾನ ಕೇಂದ್ರದವರನ್ನು ವಿಚಾರಿಸಿ. ನಿಮ್ಮ ಲಾರಿಯಲ್ಲೂ ದಣಿದ ಹೆಣ್ಣೊಬ್ಬಳು ಕೂತಿರುತ್ತಾಳೆ.