ಕಾಶಪ್ಪ ಮೆತ್ತಗೆ ಮಾಡಿದ ಸುದ್ದಿ

ಜೋಗೇಶ್ವರಿ ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದರೆ ಒಂದು ತಗ್ಗು. ತಗ್ಗಿನಲ್ಲಿ ಹಂಚು ಹೊದಿಸಿದ ಒಂದು ಚಾಳು. ಅದರ ಕೊನೆಯ ಖೋಲಿಯಲ್ಲಿ ವಿಜಾಪುರ ಸೀಮೆಯ ಕಾಶಪ್ಪನೂ ಅವನ ಹೆಂಡತಿ ಬಸಲಿಂಗವ್ವನೂ ಇದ್ದರು. ಮೂರನೆಯದಾಗಿ ಅಲ್ಲಿ ಒಂದು ರೇಡಿಯೋ ಇತ್ತು. ಹಾಡು ಕೇಳುವ ರೇಡಿಯೋ ಅಲ್ಲ. ತಾರಿನ ಹಾಗೆ ಕೀಲಿ ಬಡಿದು ಸುದ್ದಿ ಕಳಿಸುವ, ಸುದ್ದಿ ಹಿಡಿಯುವ ರೇಡಿಯೋ. ಯುದ್ಧ ಮುಗಿದ ಮೇಲೆ ಪಲ್ಟನ್ನಿನವರು ಮಾರಿದ ಹಳೆಯ ಸಾಮಾನನ್ನು ಚೋರಬಜಾರಿನಲ್ಲಿ ಒಂದೊಂದಾಗಿ ಆಯ್ದು ತಂದು ಕಾಶಪ್ಪ ತಾನೇ ಕೂಡಿಸಿದ್ದು. ಅವನೂ ಆ ಯುದ್ಧದಲ್ಲಿ ಸಿಗ್ನಲ್ ಪಲ್ಟನ್ನಿನಲ್ಲಿದ್ದವನು. ಈಗ ಕಾರಖಾನೆಯಲ್ಲಿ ಟರ್ನರ್. ಸರಕಾರದ ಲೈಸನ್ಸು ಚೌಕಟ್ಟಿನೊಳಗೆ ಗೋಡೆಯ ಮೇಲಿತ್ತು.

ದಿನಾ ಬೆಳಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಅವನು ಹೆಡ್‌ಫೋನ್ ಕಿವಿಗೆ ಏರಿಸುತ್ತಿದ್ದ. ಪೂಜೆಯಲ್ಲಿ ಹೇಳುವುದು ಕಡಿಮೆ, ಕೇಳುವುದು ಹೆಚ್ಚು. ಇಲ್ಲಿಯೂ ಹಾಗೆಯೇ ಎಂದು ಅವನಿಗೆ ಅನ್ನಿಸುತ್ತಿತ್ತು. ಎಲ್ಲಿಯದೋ ಊರಿನ ಯಾರದೋ ಕೈ ಟಕಟಕ ಎನ್ನುವುದು ಕಿವಿಗೆ ಬಿದ್ದಾಗ, ಶಿವನ ಲೋಕ ಎಷ್ಟು ದೊಡ್ಡದು, ಎಷ್ಟು ಹತ್ತಿರದ್ದು ಎಂದುಕೊಂಡು ಸುಮ್ಮನೆ ಕೂರುವನು.

೧೯೫೬ರ ಮೇ ತಿಂಗಳ ಒಂದು ಭಾನುವಾರ ಅವನಿಗೆ ಪರೀಕ್ಷೆ ಬಂತು. ಮಳೆಗಾಲಕ್ಕೆ ಮೊದಲು, ಬಿರುಗಾಳಿ ಬಡಿದು ಟೆಲಿಫೋನೂ ಕರೆಂಟೂ ಹೋಗಿವೆ ಎಂದು ಊಹಿಸಿಕೊಂಡು ಹವ್ಯಾಸಿ ರೇಡಿಯೋದವರು ಸುದ್ದಿ ಸಾಗಿಸಿ ನೋಡಬೇಕು. ಇದನ್ನು ನಡೆಸುವವರು ಗುಪ್ತೆ ಸಾಹೇಬರು. ಬೆಳಗಾವಿಯವರು, ತಾರ್ ಆಫೀಸಿನಿಂದ ರಿಟೈರ್ ಆದವರು. ಸುದ್ದಿ ಸರಿಯಾಗಿ ಮುಟ್ಟಿದರೆ ಸಾಂತಾಕ್ರೂಜ್, ಅಂಧೇರಿ, ಜೋಗೇಶ್ವರಿ ಮೂರು ಕಡೆಯ ರೇಡಿಯೋಗಳನ್ನೂ ಪರಿಹಾರ ಸಮಿತಿಯವರು ತಮ್ಮ ಮಳೆಗಾಲದ ಯೋಜನೆಗೆ ಸೇರಿಸಿಕೊಳ್ಳುತ್ತಾರೆ. ಜೋಗೇಶ್ವರಿಯ ತಗ್ಗಿಗೆ ಇದು ಸಣ್ಣ ಮಾತಲ್ಲ. ಎರಡು ವರ್ಷದ ಹಿಂದೆ ನೀರು ಎದೆಮಟ್ಟ ಬಂದಾಗ, ಇಲ್ಲಿ ಜನ ಮಾಡಿನ ಮೇಲೆ ಕೂತಿದ್ದಾರೆ ಎಂದು ಹೊರಗಿನವರಿಗೆ ಗೊತ್ತಾದದ್ದು ಮಾರನೆಯ ದಿನ ಮಧ್ಯಾಹ್ನ.

ಗುಪ್ತೆಯವರು ಒಬ್ಬೊಬ್ಬರಿಗೂ ಅಂಟು ಹಚ್ಚಿದ ಲಕೋಟೆ ಕೊಟ್ಟಿದ್ದರು. ಎಂಟು ಗಂಟೆಗೆ ಒಡೆಯಬೇಕು, ಒಳಗಿನ ಸುದ್ದಿಯನ್ನು ಸಾಂತಾಕ್ರೂಜಿಗೆ ಕಳಿಸಬೇಕು; ಆಂಬುಲೆನ್ಸ್ ಗಾಡಿ ಯಾವ ಕಡೆಗೆ ಎಂದು ಅಲ್ಲಿಯವನು ತೀರ್ಮಾನಿಸಬೇಕು. ಕಾಶಪ್ಪ ಲಾರಿಯ ಬ್ಯಾಟರಿಗೆ ತಂತಿ ಸಿಕ್ಕಿಸಿ, ಎಂಟಕ್ಕೆ ಲಕೋಟೆ ಒಡೆದ. ಇಂಗ್ಲಿಷಿನಲ್ಲಿ ಮೂರು ಸಾಲು. ಚಾಳಿನ ಗೋಡೆ ಕುಸಿದಿದೆ. ಮೂವರು ಸತ್ತಿದ್ದಾರೆ. ಉಳಿದವರಿಗೆ ಗಾಯವಿಲ್ಲ.

ಕೀಲಿಯ ಮೇಲೆ ಬೆರಳು ನಿಂತಿತು.

ಮನೆಯಲ್ಲಿ ಕೂತು ಕೆಟ್ಟದ್ದು ಆಡಬಾರದು, ಮೇಲೆ ಅಸ್ತು ದೇವತೆಗಳು ತಿರುಗಾಡುತ್ತಿರುತ್ತಾರೆ, ಆಡಿದ ಮಾತಿಗೆ ಅಸ್ತು ಅಂದುಬಿಡುತ್ತಾರೆ ಎಂದು ಕೇಳುತ್ತ ಬೆಳೆದವನು ಕಾಶಪ್ಪ. ಬಾಯಿಯ ಮಾತಾದರೆ ಮಾಡಿನವರೆಗೆ ಹೋದೀತು. ಇದು ಆಕಾಶಕ್ಕೇ ಹೋಗುವ ಮಾತು. ತಾನಿರುವ ಚಾಳು, ತನ್ನ ಮಂದಿ, ತನ್ನ ಕೈಯಿಂದ ಸಾವು!

ಚಹಾ ತಂದ ಬಸಲಿಂಗವ್ವ ಕೇಳಿದಳು, “ಯಾಕ್ರಿ, ಕೈ ನಿಂತೂ?”

“ಏನಿಲ್ಲ ಬಿಡು.”

ಅವನು ಕಳಿಸಿದ. ಗೋಡೆ ಕುಸಿದದ್ದು ಸರಿಯಾಗಿ ಹೋಯಿತು. ಮೂವರು ಸತ್ತಿದ್ದಾರೆ ಎನ್ನುವಲ್ಲಿ, ಮೂವರಿಗೆ ಭಾರಿ ಗಾಯವಾಗಿದೆ ಎಂದು ಬಡಿದ. ಊರಲ್ಲಿ ಎಲ್ಲರೂ ಮಾಡುವುದೇ ಅದು. ಸತ್ತವರ ಮನೆಗೆ ಹೇಳಿಕಳಿಸುವಾಗ ಯಾರೂ ಸತ್ತ ಎನ್ನುವುದಿಲ್ಲ. ಆರಾಮಿಲ್ಲ, ಬಂದು ಹೋಗಬೇಕಂತೆ ಎನ್ನುತ್ತಾರೆ. ಕಾಶಪ್ಪ ಚಹಾ ಕುಡಿದ. ಮನಸ್ಸು ಹಗುರಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಗುಪ್ತೆ ಸಾಹೇಬರು ಛತ್ರಿ ಊರಿಕೊಂಡು ಚಾಳಿಗೆ ಬಂದರು. ಜೊತೆಗೆ ಸಾಂತಾಕ್ರೂಜಿನ ಅಣ್ಣು. ಉಡುಪಿ ಕಡೆಯವನು, ಅಲ್ಲಿ ಮಾವನ ಹೋಟೆಲಿನ ಗಲ್ಲೆಯಲ್ಲಿ ಕೂರುವವನು, ಗಲ್ಲೆಯ ಮೇಲಿನ ಅಟ್ಟದಲ್ಲಿ ಅವನ ರೇಡಿಯೋ. ಲೋಕಲ್ಲಿನಲ್ಲಿ ನಿಂತೇ ಬಂದಿದ್ದ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಒಳಗೆ ಬರುವ ಮೊದಲೇ ಅವನ ಮಾತು ಬಂತು.

“ಎಂತ ಮಾಡಿದ್ದು ಕಾಶಪ್ಪಣ್ಣ ನೀವು? ಮೂರು ಜನಕ್ಕೆ ಭಾರಿ ಗಾಯ ಅಂತ ಹೇಳಿದ್ರಿ. ನನ್ನತ್ರ ಇದ್ದದ್ದೇ ಎರಡು ಗಾಡಿ ಮಾರಾಯ್ರೆ. ಎರಡನ್ನೂ ನಿಮ್ಮಲ್ಲಿಗೆ ಓಡಿಸಿದೆ. ಐದು ನಿಮಿಷ ಬಿಟ್ಟು ಅಂಧೇರಿಯಿಂದ ಶೇಖರ ಬಡಿತಾ ಇದ್ದಾನೆ, ನಾಲ್ಕು ಜನಕ್ಕೆ ರಕ್ತ ಹೋಗ್ತಾ ಉಂಟು, ಗಾಡಿ ಕಳಿಸಿ ಅಂತ. ನಾನೆಲ್ಲಿಂದ ತರ್ಲಿ?”

ಗಾಡಿ ಎಂದರೆ ನಕಾಶೆಯ ಮೇಲೆ ಇಟ್ಟ ಸೋಡಾ ಬಾಟಲಿಯ ಮುಚ್ಚಳ. ಅದು ಕಾಶಪ್ಪನಿಗೂ ಗೊತ್ತಿತ್ತು. ಆದರೂ ಅವನ ಮೋರೆ ಬೆಳ್ಳಗಾಯಿತು.

ಗುಪ್ತೆಯವರು ಬೈಯಲಿಲ್ಲ. ಅಂಧೇರಿಯ ಸುದ್ದಿಯ ಕಾಗದ ತೆಗೆದು ಅವನ ಮುಂದಿಟ್ಟರು. ಹೆಸರು ಬರೆಯುವ ಅಭ್ಯಾಸವಾಗಲೆಂದು ಅವರೇ ಕಟ್ಟಿದ ನಾಲ್ಕು ಹೆಸರು ಅದರಲ್ಲಿದ್ದವು. ನಾಲ್ಕನ್ನೂ ಕೆಂಪು ಪೆನ್ಸಿಲ್ಲಿನಿಂದ ಹೊಡೆದುಹಾಕಿದ್ದರು.

“ನೀ ಕರಸಿದ ಗಾಡಿ ಇಲ್ಲಿಗೆ ಬಂದು ಹೆಣಾ ನೋಡಿ, ತಿರುಗಿ ಅಂಧೇರಿಗೆ ಹೋಗೂದರಾಗ ಐವತ್ತು ಮಿನಿಟು. ಅಷ್ಟರಾಗ ಇವರೂ ಹ್ವಾದ್ರು,” ಎಂದರು. “ಸತ್ತವರು ಕಾಯತಾರ ಕಾಶಪ್ಪಾ. ಬದುಕಿದವರಿಗೆ ಕಾಯಾಕ ಆಗೂದಿಲ್ಲ.”

“ತಪ್ಪಾತ್ರಿ ಸಾಹೇಬ್ರ. ಇರೋ ಮನೀ ಮ್ಯಾಲ ಸಾವು ಅಂತ ಹೆಂಗ್ ಬಡೀಲಿ? ಕೈ ಏಳಲಿಲ್ಲ.”

“ನಿನ್ನ ಕೈ ಶುದ್ಧ ಐತಿ, ಮನಸೂ ಶುದ್ಧ ಐತಿ. ಆದ್ರ ಸುದ್ದೀ ಬದಲ ಮಾಡೋ ಸ್ಟೇಷನ್ ಕಟಗೊಂಡು ನಾ ಸಮಿತಿಗೆ ಏನ್ ಹೇಳ್ಲಿ? ಸಂಜೀ ಪ್ರ್ಯಾಕ್ಟೀಸ್ ಎರಡ ಸ್ಟೇಷನ್ನಾಗ ಮಾಡತೀವಿ. ಜೋಗೇಶ್ವರಿ ಬಿಡೂಣು.”

ಅಷ್ಟು ಹೊತ್ತು ಒಲೆಯ ಹತ್ತಿರ ಬೆನ್ನು ತಿರುಗಿಸಿ ಕೂತಿದ್ದ ಬಸಲಿಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ರೀ, ನಮ್ಮಪ್ಪ ತೀರಿದ್ದು ನೆಪ್ಪೈತೇನ್ರಿ ನಿಮಗ?”

“ಈಗ್ಯಾಕ ಅದು?” ಎಂದ ಕಾಶಪ್ಪ.

“ಆ ಸುದ್ದಿ ತಂದವರು ನೀವ. ಹೊಲದಾಗಿಂದ ಓಡಿ ಬಂದು, ನಿಮ್ಮಪ್ಪಗ ಆರಾಮಿಲ್ಲಂತ, ಹೋಗಿ ಬರೂಣು ಅಂದ್ರಿ. ಆರಾಮಿಲ್ಲಂದ್ರ ಬಾಯಿ ಕೆಟ್ಟಿರತೈತಿ, ನನ್ನ ಕೈ ರೊಟ್ಟಿ ತಿಂತಾನ ಅಂತ ನಾ ಒಲಿ ಹಚ್ಚಿದೆ. ಎಂಟು ರೊಟ್ಟಿ ಬಡದೆ. ಅಗಸಿ ಚಟ್ನಿ ಕುಟ್ಟಿದೆ. ನೀವು ಹೊರಗ ಬಂಡಿ ಹೂಡಿಕೊಂಡು ನಿಂತಿದ್ರಿ, ಲಗೂ ಅಂತ ಒಂದ ಮಾತು ಅನಲಿಲ್ಲ. ಹೋಗೂದರಾಗ ಮಣ್ಣು ಆಗಿತ್ತು. ರೊಟ್ಟಿ ಗಂಟು ಹಿಡಕೊಂಡು ನಾ ಬಾಗಿಲಾಗ ನಿಂತಿದ್ದೆ. ಮಂದಿಯೆಲ್ಲ ನನ್ನ ನೋಡೂದಕಿಂತ ಹೆಚ್ಚು ಆ ಗಂಟು ನೋಡಿದ್ರು.”

ಬಸಲಿಂಗವ್ವ ಒಲೆಯ ಉರಿ ತಗ್ಗಿಸಿದಳು.

“ಹತ್ತು ವರ್ಷ ಆತು. ನೀವು ನನ್ನ ಮ್ಯಾಲಿನ ಅಂತಃಕರಣಕ್ಕ ಹಂಗಂದ್ರಿ ಅಂತ ನನಗ ಗೊತ್ತೈತಿ. ಆದ್ರ ಖರೇ ಹೇಳಿದ್ರ ಅಳಕೋತ ಓಡಿ ಹೋಗಿ ಅಪ್ಪನ ಮಾರಿ ನೋಡತಿದ್ದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮತ್ತೆ ಹಿಟ್ಟಿಗೆ ಕೈಹಾಕಿದಳು. ಕಾಶಪ್ಪ ಬಹಳ ಹೊತ್ತು ಆ ನಾಲ್ಕು ಕೆಂಪು ಗೆರೆಗಳನ್ನೇ ನೋಡಿದ. ದೇವರು ಕೊಟ್ಟ ಕಿವಿಯಿಂದ ಲೋಕವನ್ನೆಲ್ಲ ಕೇಳುತ್ತೇನೆಂದು ಕೂತವನಿಗೆ ಮೂರು ಮೊಳ ದೂರದ ಒಲೆಯ ಮುಂದಿನ ದುಃಖ ಹತ್ತು ವರ್ಷ ಕೇಳಿಸಿರಲಿಲ್ಲ. ಮಾತನ್ನು ಮೆತ್ತಗೆ ಮಾಡಿದ್ದು ಯಾರಿಗಾಗಿ? ಅವಳಿಗಾಗಿಯೇ, ಇಲ್ಲವೇ ಅದನ್ನು ಆಡಲಾರದ ತನ್ನ ಬಾಯಿಗಾಗಿಯೇ?

“ಸಾಹೇಬ್ರ,” ಎಂದು ಎದ್ದು ನಿಂತ. “ಇನ್ನೊಂದು ಸುದ್ದಿ ಬರದು ಕೊಡ್ರಿ. ಎಂಥಾದ ಇರಲಿ. ಅಕ್ಷರ ತಪ್ಪಿದ್ರ ಈ ಕೀಲಿ ಬಿಚ್ಚಿಕೊಂಡು ನೀವ ಒಯ್ಯರಿ.”

ಗುಪ್ತೆಯವರು ಕನ್ನಡಕ ತೆಗೆದು ಒರೆಸಿದರು. “ಹೆಸರು ಗೊತ್ತಿಲ್ಲದ ಸತ್ತವರನ್ನ ಕಳಸಾಕ ಯಾರಿಗೂ ಬರತೈತಿ. ನಿನ್ನ ಗುರುತಿನವರನ್ನ ಬರದ್ರ?”

ಕಾಶಪ್ಪ ಉತ್ತರ ಕೊಡುವ ಮೊದಲು ಬಾಗಿಲ ಹೊರಗಿನಿಂದ ದನಿ ಬಂತು. ಪಕ್ಕದ ಖೋಲಿಯ ರುದ್ರವ್ವ, ಎಪ್ಪತ್ತರ ಮುದುಕಿ, ಎಲೆ ಅಡಿಕೆ ಕುಟ್ಟುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಕೂತಿದ್ದಳು.

“ನನ್ನ ಹೆಸರು ಬರೀರಿ ಸಾಹೇಬ್ರ! ರುದ್ರವ್ವ ಸತ್ತಾಳ ಅಂತ ಬರೀರಿ. ಸುಳ್ಳ ಸಾವಿನ ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚಾಗತೈತಂತ. ನನ್ನ ಸೊಸಿಗೂ ಒಂದೀಟು ಉರೀಲಿ.”

ಅಣ್ಣು ಫಕ್ಕನೆ ನಕ್ಕ. “ಆಯ್ತಲ್ಲ ಸಾರ್, ಅಜ್ಜಿಯೇ ಒಪ್ಪಿಗೆ ಕೊಟ್ರಲ್ಲ!”

ಗುಪ್ತೆಯವರು ಅವನ ಕಡೆ ಹುಬ್ಬು ಗಂಟಿಕ್ಕಿ ನೋಡಿದರು. ಆಮೇಲೆ ಚೀಟಿ ತೆಗೆದು ಬರೆದರು. ಅಣ್ಣು ಒಂದು ರೊಟ್ಟಿ ತಿಂದು, ಇನ್ನೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಸಾಂತಾಕ್ರೂಜಿನ ಲೋಕಲ್ ಹಿಡಿಯಲು ಓಡಿದ.

ನಾಲ್ಕು ಗಂಟೆಗೆ ಕಾಶಪ್ಪ ಕೈಕಾಲು ತೊಳೆದು ರೇಡಿಯೋದ ಮುಂದೆ ಕೂತ. ಹಿಂದೆ ಗುಪ್ತೆಯವರು, ಹೊಸ್ತಿಲಲ್ಲಿ ರುದ್ರವ್ವ, ಅವಳ ಹಿಂದೆ ಅರ್ಧ ಚಾಳು. ಚೀಟಿಯಲ್ಲಿ ಇದ್ದದ್ದು ಇಷ್ಟು: ಜೋಗೇಶ್ವರಿ ತಗ್ಗಿನಲ್ಲಿ ನೀರು ಎದೆಮಟ್ಟ. ರುದ್ರವ್ವ, ವಯಸ್ಸು ಎಪ್ಪತ್ತು, ಸತ್ತಿದ್ದಾರೆ. ಹನ್ನೊಂದು ಜನ ಮಾಡಿನ ಮೇಲೆ ಬದುಕಿದ್ದಾರೆ. ಆಂಬುಲೆನ್ಸ್ ಬೇಡ, ದೋಣಿ ಬೇಕು.

ಅವನು ಶಿವನನ್ನು ನೆನೆದ. ಇದು ನನ್ನ ಮಾತಲ್ಲ ತಂದೆ, ಯಾರದೋ ಮಾತು ಹೊತ್ತವನು ನಾನು. ಹೊತ್ತದ್ದನ್ನು ಕದಿಯದ ಹಾಗೆ ನೋಡಿಕೋ ಎಂದ. ಆಮೇಲೆ ಬಡಿಯತೊಡಗಿದ. ಮುದುಕಿಯ ಹೆಸರು ಬಂದಾಗ ಬೆರಳು ಒಂದು ಕ್ಷಣ ಭಾರವಾಯಿತು. ಆದರೆ ನಿಲ್ಲಲಿಲ್ಲ.

“ಈಗ ಬಡದದ್ದು ನಾ ಏನೋ?” ಎಂದಳು ರುದ್ರವ್ವ.

“ಹೂಂ ಎವ್ವಾ, ನೀನ.”

“ಇಷ್ಟ ಸಪ್ಪಳ? ನಾ ಸತ್ರ ಭಜನಿ ಮಂದಿ ಬರತಾರ ಅಂತ ಮಾಡಿದ್ದೆ.”

ಹೊರಗಿನವರು ನಕ್ಕರು. ಕಾಶಪ್ಪ ನಗಲಿಲ್ಲ, ಕೈ ಎತ್ತಿ ಸುಮ್ಮನಿರಿ ಎಂದ. ಸಾಂತಾಕ್ರೂಜಿನಿಂದ ಅಣ್ಣುವಿನ ಕೈ ಮಾತಾಡುತ್ತಿತ್ತು. ಬಂದ ಸುದ್ದಿಯನ್ನು ಅಕ್ಷರ ಅಕ್ಷರವಾಗಿ ತಿರುಗಿ ಹೇಳುತ್ತಿದ್ದ. ಕಾಶಪ್ಪ ಅದನ್ನು ಬರೆದುಕೊಂಡು ಹೋದ ಹಾಗೆ ಗುಪ್ತೆಯವರು ಚೀಟಿಯ ಮೇಲೆ ಬೆರಳಿಟ್ಟು ತಾಳೆ ನೋಡಿದರು. ಕೊನೆಗೆ ಅಣ್ಣು ತನ್ನ ತೀರ್ಮಾನ ಸೇರಿಸಿದ: ದೋಣಿ ಜೋಗೇಶ್ವರಿಗೆ ಹೊರಟಿತು, ಎರಡೂ ಗಾಡಿ ಅಂಧೇರಿಗೆ. ಇಪ್ಪತ್ತು ನಿಮಿಷಕ್ಕೆ ಅಂಧೇರಿಯ ಶೇಖರನಿಂದ ಸುದ್ದಿ ಬಂತು. ಅವನ ಗಾಯಾಳುಗಳು ಈ ಸಲ ಎಲ್ಲರೂ ಉಳಿದಿದ್ದರು. ಕಾಗದದ ಮೇಲಿನವರೇ ಆದರೂ ಅದನ್ನು ಬರೆದುಕೊಳ್ಳುವಾಗ ಕಾಶಪ್ಪನ ಕಣ್ಣು ಮಂಜಾಯಿತು.

ಗುಪ್ತೆಯವರು ತಮ್ಮ ಪುಸ್ತಕದಲ್ಲಿ ಜೋಗೇಶ್ವರಿಯ ಎದುರಿಗೆ ಸಹಿ ಹಾಕಿದರು. ಏಳುತ್ತ ಹೇಳಿದರು, “ಇನ್ನೊಂದು ಕೆಲಸ ಐತಿ. ಹ್ವಾದವರು ಯಾರು ಅಂತ ಖರೇ ಹೇಳಬೇಕಂದ್ರ, ಇರೋವ್ರು ಯಾರು ಅಂತ ಮೊದಲ ಗೊತ್ತಿರಬೇಕು. ಮಳಿ ಬರೂದರಾಗ ಈ ತಗ್ಗಿನ ಮಂದೀ ಹೆಸರೆಲ್ಲಾ ಬರದು ಇಟಗೋ.”

ಅವರನ್ನು ಸ್ಟೇಷನ್ನಿಗೆ ಬಿಟ್ಟು ಬಂದ ಮೇಲೆ, ಹೊತ್ತು ಇನ್ನೂ ಇರುವಾಗಲೇ, ಕಾಶಪ್ಪ ಒಂದು ವಹಿ ಹಿಡಿದು ಹೊರಟ. ಬಸಲಿಂಗವ್ವ ಕೈ ತೊಳೆದುಕೊಂಡು ಜೊತೆಗೆ ನಡೆದಳು; ಹೆಂಗಸರ ಹೆಸರು ಗಂಡಸು ಕೇಳಿದರೆ ಯಾರು ಹೇಳುತ್ತಾರೆ ಎಂದಳು.

“ರೀ,” ಎಂದಳು ದಾರಿಯಲ್ಲಿ. “ಅವತ್ತಿನ ರೊಟ್ಟಿ ಮಾತು ನಾಕ ಮಂದ್ಯಾಗ ಆಡಬಾರದಿತ್ತೇನೋ.”

“ಆಡಿದ್ದು ಚಲೋ ಆತು,” ಎಂದ ಕಾಶಪ್ಪ. ಮತ್ತೆ ಸ್ವಲ್ಪ ದೂರ ನಡೆದು, “ಅವತ್ತು ನಾ ನಿನಗ ಸುಳ್ಳ ಹೇಳಿದ್ದೆ, ಬಸಲಿಂಗವ್ವ,” ಎಂದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮೊದಲ ಬಾಗಿಲು ಬಡಿದಳು.

ಒಂದೊಂದು ಖೋಲಿಯಲ್ಲೂ ನಿಂತು ಕೇಳಿದರು. ಹೆಸರು, ವಯಸ್ಸು, ನಡೆಯಲು ಬರುತ್ತದೋ ಇಲ್ಲವೋ. ಅರವತ್ತಮೂರು ಹೆಸರಾದವು. ಕಡೆಯ ಬಾಗಿಲಲ್ಲಿ ಮಂಗಳೂರು ಕಡೆಯ ಸೇವಂತಿ ಬಟ್ಟೆಯ ತೊಟ್ಟಿಲು ತೂಗುತ್ತಿದ್ದಳು.

“ಇದಕ್ಕೆ ಇನ್ನೂ ಹೆಸರಿಟ್ಟಿಲ್ಲ ಅಣ್ಣ, ಒಂಬತ್ತು ದಿನ ಆಯ್ತಷ್ಟೆ,” ಎಂದಳು. “ಬರೀದೆ ಬಿಡ್ತೀರಾ?”

“ಬಿಡೂದು ಹೆಂಗಾ ತಂಗೀ?” ಎಂದ ಕಾಶಪ್ಪ. ಗೋಡೆಗೆ ವಹಿ ಒತ್ತಿಕೊಂಡು ಬರೆದ: ಅರವತ್ತನಾಲ್ಕು. ಸೇವಂತಿಯ ಕೂಸು. ವಯಸ್ಸು ಒಂಬತ್ತು ದಿನ. ಎತ್ತಿಕೊಂಡು ಹೋಗಬೇಕು.