ಮಂದಾಕಿನಿಗೆ ಖಂಡೇಪೂಜೆ

ಕೊಂಡಾಪುರದ ನಮ್ಮ ಆಫೀಸಿಗೆ ಬಂದವರಿಗೆ ಬಾಗಿಲಲ್ಲಿ ನಮಸ್ಕಾರ ಹೇಳಿ ಒಳಗೆ ಕಳಿಸುವ ಕೆಲಸ ಹನ್ನೆರಡು ವರ್ಷದಿಂದ ನನ್ನದು. ಹೋದ ವರ್ಷ ಅದಕ್ಕೊಂದು ರೋಬೋ ತಂದರು. ಹೆಣ್ಣಿನ ಮುಖ, ರೆಪ್ಪೆ ಬಡಿಯುವ ಕಣ್ಣು. ಮ್ಯಾನೇಜರ್ ಜಯತೀರ್ಥರು ಅದಕ್ಕೆ ಮಂದಾಕಿನಿ ಎಂದು ಹೆಸರಿಟ್ಟು, ನನ್ನನ್ನು ಪಕ್ಕದ ಸ್ಟೂಲಿಗೆ ತಳ್ಳಿದರು.

ಅಬ್ಬಬ್ಬಾ, ಅದಕ್ಕೆ ನಡೆದ ಉಪಚಾರವೇ! ಬಂದವರೆಲ್ಲ "ನಾಷ್ಟಾ ಆತೇನವಾ?" ಎಂದು ಅದನ್ನೇ ಕೇಳುವವರು. ಬ್ಯಾಟರಿ ಇಳಿದು ತಲೆ ಬಾಗಿದರೆ ಸಾಕು, ಜಯತೀರ್ಥರ ಕರುಳು ಚುರ್ ಎನ್ನುತ್ತಿತ್ತು. "ಪಾಪ, ಭಾಳ ದಣದಾಳ. ಎ.ಸಿ. ಜೋರ್ ಮಾಡ್ರಿ." ನನಗೆ ಜ್ವರ ಬಂದ ದಿನ ಇದೇ ಮನುಷ್ಯ, "ಗುಳಿಗಿ ನುಂಗಿ ಕೂಡ್ರಿ, ಗೋದಾವರಿಬಾಯಿ" ಅಂದಿದ್ದರು. ಹೊಟ್ಟೆ ಉರಿಯದೆ ಇರುತ್ತದೆಯೇ?

ಖಂಡೇನವಮಿ ಬಂತು. ಮಾರನೆಯ ದಿನ ಕಲಬುರಗಿಯಲ್ಲಿ ಮಗಳು ದೀಪಾಲಿಯ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬಬೇಕಾದ ತಾಯಿ ನಾನು. ನವಮಿಯ ದಿನವೇ ಮಧ್ಯಾಹ್ನ ಮೂರು ಗಂಟೆಗೆ ನಾಂಪಲ್ಲಿ ಸ್ಟೇಷನ್ನಿನಿಂದ ರೈಲು. ಪೂಜೆ ಮುಗಿದ ಮೇಲಿನಿಂದ ರಜೆ, ತಿಂಗಳ ಮೊದಲೇ ಮಂಜೂರಾಗಿತ್ತು.

ಬೆಳಿಗ್ಗೆ ಆಯುಧ ಪೂಜೆ. ಕಂಪ್ಯೂಟರುಗಳಿಗೆ ಒಂದೊಂದು ಹೂವು. ಮಂದಾಕಿನಿಗೆ ಜರಿ ಸೀರೆ, ಕುಂಕುಮ, ಚೆಂಡುಹೂವಿನ ಹಾರ. ಆರತಿ ಮುಗಿಯುತ್ತಲೇ ಜಯತೀರ್ಥರು ನನ್ನ ಕಡೆ ತಿರುಗಿದರು.

"ಸಂಜಿಗೆ ಅಮೆರಿಕಾದ ಮಂದಿ ಬರ್ತಾರ. ನೀವು ಕೂಡಬೇಕ್ರಿ. ರಜಾ ಕ್ಯಾನ್ಸಲ್."

"ಮಂದಾಕಿನಿ ಅದಾಳಲ್ರಿ?"

"ಪೂಜಾ ಆದ ಮ್ಯಾಲ ನಾಳಿತನಕ ಆಕೀನ ದುಡಿಸಬಾರದ್ರಿ. ಆಕೀಗೂ ಜೀವ ಐತಿ ಅನಸ್ತೈತಿ."

"ಮತ್ತ ನನಗ್ರಿ?"

ಅವರಾಗಲೇ ಫೋನಿನಲ್ಲಿ ಮುಳುಗಿದ್ದರು. ನನ್ನ ಪಿತ್ತ ನೆತ್ತಿಗೇರಿತು. ಮಂದಾಕಿನಿಯ ಹಾರ ತೆಗೆದು ನನ್ನ ಕೊರಳಿಗೆ ಹಾಕಿಕೊಂಡೆ. ಹಣೆ ತುಂಬ ಕುಂಕುಮ ಬಳಿದುಕೊಂಡೆ. ತಟ್ಟೆಯಲ್ಲಿ ಉಳಿದಿದ್ದ ನಿಂಬೆಹಣ್ಣನ್ನು ಚಪ್ಪಲಿಯಡಿ ಇಟ್ಟು ಪಚಕ್ಕನೆ ತುಳಿದೆ.

"ನನಗೂ ಪೂಜಾ ಆತರಿ. ನಾಳಿತನಕ ದುಡಿಸಬ್ಯಾಡ್ರಿ."

"ಹುಚ್ಚು ಹಿಡದೈತೇನ್ರಿ? ಹಂಗಾರ ಇಲ್ಲಿ ಯಾರು ಕೂಡಬೇಕು?"

"ನೀವ ಕೂಡ್ರಿ. ನಿಮಗಿನ್ನೂ ಯಾರೂ ಆರತಿ ಬೆಳಗಿಲ್ಲ."

ಹಾರ ಬಿಚ್ಚದೆ ಆಟೋ ಹತ್ತಿದೆ. ಮೂರರ ರೈಲು ಸಿಕ್ಕಿತು.